ಹೆರಿಗೆ ಕೋಣೆಯಲ್ಲಿ ಗುಣಮಟ್ಟ ಸುಧಾರಣೆ: ಕೂಸನ್ನು ಬೆಚ್ಚಗಿಡುವ ಒಂದು ಕೆಲಸ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಿಗೆ ಗುಣಮಟ್ಟ ಎಂಬ ಮಾತು ಹೊಸದೇನಲ್ಲ. 2013ರಲ್ಲಿ ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡ ಎನ್‌ಕ್ಯೂಎಎಸ್ ಬಂತು, 2015ರಲ್ಲಿ ಆಸ್ಪತ್ರೆ ಸ್ವಚ್ಛತೆಯ ಕಾಯಕಲ್ಪ ಯೋಜನೆ, 2017ರ ಡಿಸೆಂಬರ್‌ನಲ್ಲಿ ಹೆರಿಗೆ ಕೋಣೆಗೆಂದೇ ಲಕ್ಷ್ಯ ಯೋಜನೆ. ಪರಿಶೀಲನಾ ಪಟ್ಟಿ ಹಿಡಿದ ತಂಡ ಬರುತ್ತದೆ, ಒಂದೊಂದು ಅಂಶಕ್ಕೆ 0, 1 ಅಥವಾ 2 ಅಂಕ ಹಾಕುತ್ತದೆ, ಕೊರತೆಗಳ ಪಟ್ಟಿ ಕೊಟ್ಟು ಹೋಗುತ್ತದೆ. ಕೊರತೆ ಎಲ್ಲಿದೆ ಎಂದು ತೋರಿಸಲು ಆ ಪಟ್ಟಿ ಬೇಕೇ ಬೇಕು. ಆದರೆ ಆ ಕೊರತೆಯನ್ನು ನಾಳೆ ಬೆಳಗಿನ ಪಾಳಿಯಲ್ಲಿ, ಇರುವ ಜನರನ್ನೇ ಇಟ್ಟುಕೊಂಡು, ಹೇಗೆ ತುಂಬುವುದು ಎಂಬ ಕೌಶಲ ಬೇರೆಯೇ. ಅದನ್ನು ಕಲಿಯದಿದ್ದರೆ ತಪಾಸಣೆಗೆ ಒಂದು ವಾರ ಮೊದಲು ಎಲ್ಲವೂ ಸರಿಯಾಗುತ್ತದೆ, ತಪಾಸಣೆ ಮುಗಿದ ಒಂದು ವಾರಕ್ಕೆ ಎಲ್ಲವೂ ಹಳೆಯ ದಾರಿಗೆ ಬರುತ್ತದೆ.

ಎರಡು ದಿನದ ತರಬೇತಿಯಲ್ಲಿ ಸ್ಲೈಡು ನೋಡಿದರೆ ಈ ಕೌಶಲ ಕೈಗೆ ಬರುವುದಿಲ್ಲ. ಒಂದು ಸಣ್ಣ ತೊಂದರೆ ಹಿಡಿದು ಮೂರು ತಿಂಗಳು ಬಿಡದೆ ಮಾಡಿದರೆ ಬರುತ್ತದೆ. ಹಾಗಾಗಿ ಇಲ್ಲಿ ಒಂದೇ ತೊಂದರೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿದ್ದೇವೆ: ಹುಟ್ಟಿದ ಮೊದಲ ತಾಸಿನಲ್ಲಿ ಕೂಸು ತಣ್ಣಗಾಗುವುದು. ಕುಂದಗೋಳ, ರೋಣ, ಹಾನಗಲ್ಲದಂಥ ಯಾವುದೋ ಒಂದು ಊರಿನಲ್ಲಿ ತಿಂಗಳಿಗೆ ಸುಮಾರು 80 ಸಹಜ ಹೆರಿಗೆ ಆಗುವ ತಾಲ್ಲೂಕು ಆಸ್ಪತ್ರೆಯನ್ನು ಊಹಿಸಿಕೊಳ್ಳಿ. ಮುಂದೆ ಬರುವ ಲೆಕ್ಕಗಳು ಕಲಿಕೆಗಾಗಿ ಮಾಡಿಕೊಂಡವು, ಯಾವ ಆಸ್ಪತ್ರೆಯ ದಾಖಲೆಯೂ ಅಲ್ಲ.

ವಿಧಾನದ ಬಗ್ಗೆ ಎರಡು ಮಾತು ಸಾಕು. ಯೋಜಿಸು, ಮಾಡು, ಪರಿಶೀಲಿಸು, ಅಳವಡಿಸು ಎಂಬ ನಾಲ್ಕು ಹೆಜ್ಜೆಯ ಆವರ್ತನೆಗೆ ಪಿಡಿಎಸ್‌ಎ ಎನ್ನುತ್ತಾರೆ. ಅಮೆರಿಕದ ಗುಣಮಟ್ಟ ತಜ್ಞರಾದ ವಾಲ್ಟರ್ ಶೂಹಾರ್ಟ್, ಎಡ್ವರ್ಡ್ಸ್ ಡೆಮಿಂಗ್ ಅವರ ಕೆಲಸದಿಂದ ಬೆಳೆದ ಇದು ಕಾರ್ಖಾನೆಗಳಿಂದ ಆಸ್ಪತ್ರೆಗೆ ಬಂತು. ಆಸ್ಪತ್ರೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ನೋಡಬೇಕೆಂದು 1966ರಲ್ಲಿ ತೋರಿಸಿದವರು ಅವೆಡಿಸ್ ಡೊನಬೇಡಿಯನ್. ವಾರ್ಮರ್ (ಕೂಸಿಗೆ ಮೇಲಿನಿಂದ ಕಾವು ಕೊಡುವ ಯಂತ್ರ) ಇರುವುದು ರಚನೆ, ಅದನ್ನು ಹೆರಿಗೆಗೆ ಮೊದಲೇ ಹಚ್ಚುವುದು ಪ್ರಕ್ರಿಯೆ, ಕೂಸು ಬೆಚ್ಚಗಿರುವುದು ಫಲಿತಾಂಶ. ನಮ್ಮಲ್ಲಿ ಹೆಚ್ಚಿನ ಚರ್ಚೆ ವಾರ್ಮರ್ ಇದೆಯೇ ಇಲ್ಲವೇ ಎಂಬಲ್ಲೇ ನಿಂತುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ಮತ್ತು ದೆಹಲಿಯ ಏಮ್ಸ್ ಸೇರಿ ರೂಪಿಸಿದ ಪಿಒಸಿಕ್ಯೂಐ (ಆರೈಕೆ ನಡೆಯುವಲ್ಲೇ ಗುಣಮಟ್ಟ ಸುಧಾರಣೆ) ಎಂಬ ಪಠ್ಯಕ್ರಮ ಈ ಕೆಲಸವನ್ನು ನಾಲ್ಕು ಹಂತಗಳಾಗಿ ಕಲಿಸುತ್ತದೆ: ತೊಂದರೆ ಆರಿಸಿ ತಂಡ ಕಟ್ಟಿ ಗುರಿ ಬರೆಯುವುದು, ಕಾರಣ ಹುಡುಕಿ ಅಳೆಯುವುದು, ಬದಲಾವಣೆಯನ್ನು ಪರೀಕ್ಷಿಸುವುದು, ಉಳಿಸಿಕೊಳ್ಳುವುದು. ನಾವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆಯೋಣ.

ತೊಂದರೆಯನ್ನು ಆರಿಸುವುದು

ಮೊದಲ ಸಲಕ್ಕೆ ಆರಿಸುವ ತೊಂದರೆಗೆ ನಾಲ್ಕು ಲಕ್ಷಣ ಇರಲಿ. ರೋಗಿಗೆ ಅದರಿಂದ ನಿಜವಾದ ಹಾನಿ ಇರಬೇಕು. ದಿನವೂ ಆಗುವಂಥದ್ದಿರಬೇಕು. ಹೊಸ ಹುದ್ದೆ, ಹೊಸ ಕಟ್ಟಡ ಇಲ್ಲದೆ ತಂಡದ ಕೈಯಲ್ಲೇ ಸರಿಯಾಗುವಂತಿರಬೇಕು. ಅಳೆಯಲು ಸುಲಭವಿರಬೇಕು. ತಾಯಿಮರಣದಿಂದ ಶುರು ಮಾಡಬೇಡಿ. ಅದು ಅತಿ ಮುಖ್ಯ, ಆದರೆ ಒಂದು ಆಸ್ಪತ್ರೆಯಲ್ಲಿ ವಿರಳ. ಬದಲಾವಣೆಯಿಂದ ಒಳ್ಳೆಯದಾಯಿತೇ ಎಂದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಸಿಬ್ಬಂದಿ ಕೊರತೆಯೂ ಬೇಡ, ಅದು ತಂಡದ ಕೈಮೀರಿದ್ದು.

ಕೂಸು ತಣ್ಣಗಾಗುವುದಕ್ಕೆ ಈ ನಾಲ್ಕೂ ಇವೆ. ನವಜಾತ ಶಿಶುವಿನ ಸಹಜ ಉಷ್ಣಾಂಶ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. 36.0ರಿಂದ 36.4 ಇದ್ದರೆ ಚಳಿ ಹಿಡಿಯುತ್ತಿದೆ ಎಂದರ್ಥ, 32.0ರಿಂದ 35.9 ಮಧ್ಯಮ, 32ಕ್ಕಿಂತ ಕೆಳಗೆ ತೀವ್ರ. ತಣ್ಣಗಾದ ಕೂಸು ಮೊಲೆ ಸರಿಯಾಗಿ ಹಿಡಿಯುವುದಿಲ್ಲ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಉಸಿರಾಟಕ್ಕೆ ತ್ರಾಸಾಗುತ್ತದೆ. ತೂಕ ಕಡಿಮೆ ಇದ್ದರಂತೂ ಅಪಾಯ ಬೇಗ ಬರುತ್ತದೆ. ನಮ್ಮ ಭಾಗ ಬಿಸಿಲಿನದ್ದು, ಚಳಿ ಡಿಸೆಂಬರ್-ಜನವರಿಯ ಮಾತು ಎಂಬ ಭಾವನೆ ಸಿಬ್ಬಂದಿಯಲ್ಲಿ ಗಟ್ಟಿಯಾಗಿದೆ. ಏಪ್ರಿಲ್ ಸೆಕೆಯಲ್ಲೂ ಒದ್ದೆ ಮೈಯ ಕೂಸನ್ನು ತಿರುಗುವ ಫ್ಯಾನಿನ ಕೆಳಗೆ ಮಲಗಿಸಿದರೆ ಅದು ತಣ್ಣಗಾಗುತ್ತದೆ. ಮೈಮೇಲಿನ ನೀರು ಆರುವುದು, ತಣ್ಣನೆಯ ಸ್ಟೀಲಿನ ತಕ್ಕಡಿ ತಟ್ಟೆ ತಗಲುವುದು, ಗಾಳಿ ಬೀಸುವುದು, ಹತ್ತಿರದ ತಣ್ಣನೆ ಗೋಡೆ ಕಿಟಕಿಗಳು ಕಾವು ಎಳೆದುಕೊಳ್ಳುವುದು, ಈ ನಾಲ್ಕು ದಾರಿಗಳಿಂದ ಕಾವು ಹೋಗುತ್ತದೆ. ನಾಲ್ಕನ್ನೂ ನೆನಪಿಡಿ, ಪರಿಹಾರ ಹುಡುಕುವಾಗ ಬೇಕು.

ತಂಡ

ಐದರಿಂದ ಏಳು ಜನ ಸಾಕು. ಮುಂದಾಳು ಹೆರಿಗೆ ಕೋಣೆಯ ಇನ್‌ಚಾರ್ಜ್ ಸಿಸ್ಟರ್ ಆಗಿರಲಿ. ಸ್ತ್ರೀರೋಗ ತಜ್ಞರೋ ಮಕ್ಕಳ ವೈದ್ಯರೋ ಒಬ್ಬರು, ಬೆಳಗಿನ, ಮಧ್ಯಾಹ್ನದ, ರಾತ್ರಿಯ ಪಾಳಿಯಿಂದ ಒಬ್ಬೊಬ್ಬ ನರ್ಸ್, ಮತ್ತೆ ಒಬ್ಬ ಆಯಾ. ಆಯಾ ಅವರನ್ನು ಬಿಟ್ಟು ತಂಡ ಕಟ್ಟುವುದು ದೊಡ್ಡ ತಪ್ಪು. ಬಟ್ಟೆ ಎಲ್ಲಿದೆ, ಕೂಸನ್ನು ಯಾರು ಎತ್ತಿಕೊಂಡು ಎಲ್ಲಿಗೆ ಒಯ್ಯುತ್ತಾರೆ, ಬಾಗಿಲು ಯಾಕೆ ತೆರೆದೇ ಇರುತ್ತದೆ ಎಂಬುದೆಲ್ಲ ಡಾಕ್ಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆಡಳಿತ ವೈದ್ಯಾಧಿಕಾರಿ ತಂಡದ ಒಳಗೆ ಇರಬೇಕಿಲ್ಲ. ತಿಂಗಳಿಗೊಮ್ಮೆ ತಂಡ ಬರೆದ ಪ್ರಗತಿಯ ನಕ್ಷೆ ನೋಡಿ, ಕೇಳಿದ್ದನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಕೊಡಿಸಿದರೆ ಅವರ ಪಾಲು ಮುಗಿಯಿತು.

ಸಭೆಯನ್ನು ಮಧ್ಯಾಹ್ನ ಎರಡಕ್ಕೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಹೆರಿಗೆ ಕೋಣೆಯ ಪಕ್ಕದಲ್ಲೇ ನಿಂತುಕೊಂಡು ಮಾಡಿ. ವಾರಕ್ಕೊಮ್ಮೆ, ಹದಿನೈದು ನಿಮಿಷ. ಎರಡು ಪಾಳಿಯವರು ಆಗ ಸಿಗುತ್ತಾರೆ. ರಾತ್ರಿ ಪಾಳಿಯವರಿಗೆ ಮಾತು ತಲುಪಿಸುವ ಹೊಣೆ ಒಬ್ಬರ ಹೆಸರಿನಲ್ಲಿರಲಿ, ಇಲ್ಲದಿದ್ದರೆ ಹಗಲಿಗೊಂದು ಪದ್ಧತಿ, ರಾತ್ರಿಗೊಂದು ಪದ್ಧತಿ ಆಗುತ್ತದೆ.

ಗುರಿಯ ವಾಕ್ಯ

"ಶಿಶುಗಳ ಆರೈಕೆ ಉತ್ತಮಪಡಿಸುವುದು" ಎಂದು ಬರೆದರೆ ಯಾರೂ ಯಾವತ್ತೂ ಸೋಲುವುದಿಲ್ಲ, ಗೆಲ್ಲುವುದೂ ಇಲ್ಲ. ಯಾರಿಗೆ, ಏನು, ಎಷ್ಟರಿಂದ ಎಷ್ಟಕ್ಕೆ, ಯಾವಾಗಿನೊಳಗೆ ಎಂಬ ನಾಲ್ಕೂ ಒಂದೇ ವಾಕ್ಯದಲ್ಲಿ ಬರಬೇಕು. ಉದಾಹರಣೆಗೆ: "ನಮ್ಮ ಹೆರಿಗೆ ಕೋಣೆಯಲ್ಲಿ ಸಹಜ ಹೆರಿಗೆಯಿಂದ ಜೀವಂತ ಹುಟ್ಟಿದ, ಒಂದು ತಾಸಿನೊಳಗೆ ಬೇರೆ ಕಡೆ ಕಳಿಸದ ಶಿಶುಗಳಲ್ಲಿ, ಒಂದು ತಾಸಿನ ಹೊತ್ತಿಗೆ 36.5ರಿಂದ 37.5 ಡಿಗ್ರಿ ಉಷ್ಣಾಂಶ ಇರುವವರ ಪ್ರಮಾಣವನ್ನು 12 ವಾರಗಳಲ್ಲಿ ಶೇ 40ರಿಂದ ಶೇ 80ಕ್ಕೆ ಏರಿಸುವುದು." ಸಿಸೇರಿಯನ್ ಕೂಸುಗಳನ್ನು ಮೊದಲ ಸುತ್ತಿನಲ್ಲಿ ಬಿಡಿ. ಆಪರೇಷನ್ ಕೋಣೆಯ ಜನ ಬೇರೆ, ಏಸಿ ಬೇರೆ, ಕಾರಣಗಳೂ ಬೇರೆ. ಇಲ್ಲಿ ಗೆದ್ದ ಮೇಲೆ ಅಲ್ಲಿಗೆ ಹೋಗಬಹುದು.

ಅಳೆಯುವುದು

ಇಡೀ ಕೆಲಸ ನಿಲ್ಲುವುದು ಅಳತೆಯ ಮೇಲೆ, ಹೆಚ್ಚಿನ ತಂಡಗಳು ಎಡವುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಉಷ್ಣಾಂಶ ನೋಡುವ ರೀತಿ ಎಲ್ಲರದೂ ಒಂದೇ ಆಗಿರಬೇಕು. ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಡಿ. ಕೂಸಿನ ಕಂಕುಳು ಒಣಗಿರಲಿ. ತುದಿಯನ್ನು ಕಂಕುಳಿನ ನಡುಗುಳಿಯಲ್ಲಿಟ್ಟು, ತೋಳನ್ನು ಎದೆಗೆ ಒತ್ತಿ, ಬೀಪ್ ಬರುವವರೆಗೆ ಹಿಡಿಯಿರಿ. ಕೂಸನ್ನು ತಾಯಿಯ ಎದೆಯಿಂದ ಎತ್ತಬೇಡಿ, ಅಲ್ಲೇ ನೋಡಬಹುದು. ಸಮಯ ಹುಟ್ಟಿದ 60 ನಿಮಿಷಕ್ಕೆ. ಐದು ನಿಮಿಷ ಹಿಂದೆಮುಂದೆ ಆದರೆ ನಡೆಯುತ್ತದೆ. ಫ್ಯಾರನ್‌ಹೀಟ್ ತೋರಿಸುವ ಥರ್ಮಾಮೀಟರ್ ಇದ್ದರೆ 97.7ರಿಂದ 99.5 ಸಹಜ ಎಂದು ಚೀಟಿ ಅಂಟಿಸಿ. ಒಂದು ಪಾಳಿ ಸೆಲ್ಸಿಯಸ್, ಇನ್ನೊಂದು ಪಾಳಿ ಫ್ಯಾರನ್‌ಹೀಟ್ ಬರೆದರೆ ಲೆಕ್ಕವೇ ಕೆಡುತ್ತದೆ. ಸಾಮಾನ್ಯ ಡಿಜಿಟಲ್ ಥರ್ಮಾಮೀಟರುಗಳು 32 ಡಿಗ್ರಿಗಿಂತ ಕೆಳಗೆ ಅಂಕಿ ತೋರಿಸದೆ ‘ಲೋ’ ಎನ್ನುತ್ತವೆ. ಆ ಅಕ್ಷರ ಕಂಡರೆ ಯಂತ್ರ ಕೆಟ್ಟಿದೆ ಎಂದು ಪಕ್ಕಕ್ಕಿಡಬೇಡಿ, ಕೂಸನ್ನು ಮುಟ್ಟಿ ನೋಡಿ, ಡಾಕ್ಟರನ್ನು ಕರೆಯಿರಿ.

ಅಳತೆಯಲ್ಲಿ ತಣ್ಣಗಿದೆ ಎಂದು ಕಂಡ ಕೂಸಿಗೆ ಆರೈಕೆ ಆಗಲೇ ಶುರುವಾಗಬೇಕು. ಒದ್ದೆ ಬಟ್ಟೆ ತೆಗೆದು, ಟೊಪ್ಪಿಗೆ ಹಾಕಿ, ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಹೊದಿಸಿ, ಮೊಲೆ ಹಿಡಿಸಿ, ಅರ್ಧ ತಾಸಿಗೆ ಮತ್ತೆ ನೋಡಿ. 36ಕ್ಕಿಂತ ಕೆಳಗಿದ್ದರೆ, ಏರದಿದ್ದರೆ, ಹಾಲು ಕುಡಿಯದಿದ್ದರೆ ವೈದ್ಯರು ನೋಡಲೇಬೇಕು. ಸೋಂಕು ಇರಬಹುದು, ಸಕ್ಕರೆ ಇಳಿದಿರಬಹುದು.

ಬರೆಯಲು ಹೊಸ ಫಾರಂ ಮಾಡಬೇಡಿ. ಈಗಿರುವ ಹೆರಿಗೆ ರಿಜಿಸ್ಟರಿನ ಷರಾ ಅಂಕಣದಲ್ಲಿ ಗೆರೆ ಎಳೆದು ಮೂರು ಮನೆ ಮಾಡಿ: ಒಂದು ತಾಸಿನ ಉಷ್ಣಾಂಶ, ಎದೆಗೆ ಹಾಕಿದ್ದು ಎಷ್ಟು ನಿಮಿಷ, ಆಗ ಕೋಣೆಯ ಉಷ್ಣಾಂಶ. ಮೊದಲನೆಯದು ಫಲಿತಾಂಶದ ಅಳತೆ, ಎರಡನೆಯ ಮೂರನೆಯವು ಪ್ರಕ್ರಿಯೆಯ ಅಳತೆ. ಇವುಗಳ ಜತೆಗೆ ಒಂದು ಸಮತೋಲನದ ಅಳತೆಯೂ ಬೇಕು. ಒಂದು ಕಡೆ ಸುಧಾರಿಸಲು ಹೋಗಿ ಇನ್ನೊಂದು ಕಡೆ ಕೆಡಿಸಿದೆವೇ ಎಂದು ಅದು ಹೇಳುತ್ತದೆ. ಇಲ್ಲಿ 37.5ಕ್ಕಿಂತ ಹೆಚ್ಚು ಕಾವೇರಿದ ಕೂಸುಗಳೆಷ್ಟು ಎಂದು ಎಣಿಸಿ.

ಅಂಕಿಗಳ ಮೇಲೆ ಕಣ್ಣಿರಲಿ. ಸಾಲು ಸಾಲಾಗಿ ಎಲ್ಲ ಕೂಸುಗಳದೂ 36.5 ಅಥವಾ 98.6 ಇದ್ದರೆ ಯಾರೋ ನೋಡದೆ ಬರೆಯುತ್ತಿದ್ದಾರೆ. ಅವರನ್ನು ಎಲ್ಲರೆದುರು ಬಯ್ದರೆ ಮುಂದಿನ ವಾರ 36.6, 36.7 ಎಂದು ಬರೆಯುತ್ತಾರೆ ಅಷ್ಟೆ. ಥರ್ಮಾಮೀಟರ್ ಎಲ್ಲಿಟ್ಟಿದ್ದಾರೆ, ಬ್ಯಾಟರಿ ಇದೆಯೇ, ಒಂದು ತಾಸಿನ ಹೊತ್ತಿಗೆ ಆ ಸಿಸ್ಟರ್ ಇನ್ನೊಂದು ಹೆರಿಗೆಯಲ್ಲಿ ಇದ್ದರೇ ಎಂದು ನೋಡಿ. ಅಳೆಯದ ಕೂಸನ್ನು ಬೆಚ್ಚಗಿದ್ದವರ ಲೆಕ್ಕಕ್ಕೂ ತಣ್ಣಗಾದವರ ಲೆಕ್ಕಕ್ಕೂ ಸೇರಿಸದೆ "ನೋಡಿಲ್ಲ" ಎಂದೇ ಬರೆಯಬೇಕು. ಹತ್ತರಲ್ಲಿ ಮೂರು ಕೂಸು ನೋಡಿಲ್ಲವೆಂದರೆ ಮೊದಲು ಆ ತೊಂದರೆ ಬಗೆಹರಿಸಿ.

ಬದಲಾವಣೆ ಏನನ್ನೂ ಮಾಡದೆ ಮೊದಲು ಮೂರ್ನಾಲ್ಕು ವಾರ ಈಗಿರುವ ಸ್ಥಿತಿಯನ್ನೇ ಅಳೆಯಿರಿ. ಬಹಳ ತಂಡಗಳಿಗೆ ಇಲ್ಲಿ ಆಘಾತವಾಗುತ್ತದೆ. "ನಮ್ಮಲ್ಲಿ ಅಂಥಾದ್ದೇನ ಇಲ್ಲರೀ" ಎನ್ನುತ್ತಿದ್ದವರಿಗೆ ಹತ್ತರಲ್ಲಿ ಆರು ಕೂಸು ತಣ್ಣಗಿವೆ ಎಂದು ಕಾಣುತ್ತದೆ. ಆ ಅಂಕಿ ತಂಡದ ಒಳಗೇ ಇರಲಿ, ಯಾರ ವಾರ್ಷಿಕ ವರದಿಗೂ ಹೋಗಬಾರದು. ಹೋಗುತ್ತದೆ ಎಂದು ಅನುಮಾನ ಬಂದ ದಿನ ನಿಜವಾದ ಅಂಕಿ ಸಿಗುವುದು ನಿಂತುಬಿಡುತ್ತದೆ.

ಕಾರಣ ಹುಡುಕುವುದು

ಕುರ್ಚಿಯಲ್ಲಿ ಕೂತು ಕಾರಣ ಊಹಿಸಬೇಡಿ. ಎರಡು ಹೆರಿಗೆಗಳಲ್ಲಿ, ಒಂದು ಹಗಲು, ಒಂದು ರಾತ್ರಿ, ಗಡಿಯಾರ ಹಿಡಿದು ಕೂಸಿನ ಜತೆಗೇ ನಡೆಯಿರಿ. ಹುಟ್ಟಿದ್ದು ಎಷ್ಟಕ್ಕೆ, ಒರೆಸಿದ್ದು ಯಾವಾಗ, ಹೊಕ್ಕಳಬಳ್ಳಿ ಕತ್ತರಿಸಿದ್ದು, ತೂಕ, ಬಟ್ಟೆ ಸುತ್ತಿದ್ದು, ಮೊಲೆ ಹಿಡಿದದ್ದು, ಎಲ್ಲವನ್ನೂ ನಿಮಿಷ ಸಮೇತ ಬರೆಯಿರಿ. ಕೂಸು ಬರಿಮೈಯಲ್ಲಿದ್ದ ನಿಮಿಷಗಳಿಗೆ ಕೆಂಪು ಗೆರೆ ಹಾಕಿ. ಆ ಕೆಂಪು ಗೆರೆಯಲ್ಲೇ ನಿಮ್ಮ ಕಾರಣ ಇದೆ.

ಆಮೇಲೆ "ಯಾಕೆ" ಎಂದು ಕೇಳುತ್ತ ಹೋಗಿ. ಕೂಸು ಯಾಕೆ ತಣ್ಣಗಾಯಿತು? ಹದಿನೈದು ನಿಮಿಷ ಬರಿಮೈಯಲ್ಲಿತ್ತು. ಯಾಕೆ? ತೂಕ ಮಾಡಲು ಒಯ್ದಿದ್ದರು. ಅಷ್ಟು ಹೊತ್ತು ಯಾಕೆ ಬೇಕಾಯಿತು? ತೂಕದ ಯಂತ್ರ ಪಕ್ಕದ ಕೋಣೆಯಲ್ಲಿದೆ. ಅಲ್ಲಿ ಯಾಕಿದೆ? ಹೆರಿಗೆ ಕೋಣೆಯ ಟೇಬಲ್ ಮೇಲೆ ಜಾಗವಿಲ್ಲ. ಹುಟ್ಟಿದ ಕೂಡಲೇ ತೂಕ ಯಾಕೆ? ತೂಕ ಬರೆಯದೆ ರಿಜಿಸ್ಟರಿನ ಸಾಲು ಮುಗಿಯುವುದಿಲ್ಲ, ಹೊರಗೆ ನಿಂತ ಅಜ್ಜಿಯೂ "ಎಷ್ಟ ತೂಕ ಐತ್ರೀ ಸಿಸ್ಟರ್?" ಎಂದು ಬಾಗಿಲು ಬಡಿಯುತ್ತಾರೆ. ಈ ಸರಣಿಯಲ್ಲಿ ಎಲ್ಲಿಯೂ ಯಾರೂ ಸೋಮಾರಿಯಲ್ಲ, ಯಾರಿಗೂ ತಿಳಿವಳಿಕೆ ಕಡಿಮೆಯಿಲ್ಲ. ಉತ್ತರದಲ್ಲಿ ವ್ಯಕ್ತಿಯ ಹೆಸರು ಬಂದರೆ ಇನ್ನೊಂದು ಸಲ "ಯಾಕೆ" ಕೇಳಬೇಕು ಎಂದೇ ತಿಳಿಯಿರಿ.

ಸಿಕ್ಕ ಕಾರಣಗಳನ್ನು ಮೀನಿನ ಮುಳ್ಳಿನ ಚಿತ್ರದಲ್ಲಿ (ತಲೆಯಲ್ಲಿ ತೊಂದರೆ, ಮುಳ್ಳುಗಳಲ್ಲಿ ಕಾರಣಗಳು) ಜನ, ಜಾಗ, ಸಾಮಾನು, ಪದ್ಧತಿ ಎಂದು ಗುಂಪು ಮಾಡಿ. ಚಿತ್ರ ಚೆಂದ ಮಾಡಲು ದಿನ ಕಳೆಯಬೇಡಿ, ಬಿಳಿ ಹಾಳೆಯ ಮೇಲೆ ಪೆನ್ಸಿಲ್ ಸಾಕು. ಯಾವ ಎರಡು ಕಾರಣ ಅತಿ ಹೆಚ್ಚು ಕೂಸುಗಳಿಗೆ ಅನ್ವಯಿಸುತ್ತವೆ ಎಂದು ಎಣಿಸಿ, ಅವನ್ನು ಮೊದಲು ಹಿಡಿಯಿರಿ.

ಬದಲಾವಣೆಯ ಪರೀಕ್ಷೆ

ಸುತ್ತೋಲೆ ಹೊರಡಿಸಿ ಸೋಮವಾರದಿಂದ ಎಲ್ಲರೂ ಹೀಗೇ ಮಾಡಬೇಕು ಎನ್ನುವುದು ನಮ್ಮ ಕಚೇರಿಗಳ ರೂಢಿ. ಇಲ್ಲಿ ಅದನ್ನು ಬಿಡಬೇಕು. ಒಂದು ಬದಲಾವಣೆಯನ್ನು ಒಬ್ಬ ಸಿಸ್ಟರ್, ಒಂದು ಪಾಳಿಯಲ್ಲಿ, ಒಂದು ಕೂಸಿಗೆ ಮಾಡಿ ನೋಡುತ್ತಾರೆ. ಮಾಡುವ ಮೊದಲೇ ಏನಾಗಬಹುದು ಎಂದು ಒಂದು ಸಾಲು ಬರೆದಿಡಿ. ಊಹೆ ಮತ್ತು ನಡೆದದ್ದರ ನಡುವಿನ ಅಂತರವೇ ಕಲಿಸುವ ಪಾಠ, ಬರೆಯದಿದ್ದರೆ ಆ ಪಾಠ ಹೋಯಿತು.

ಮೊದಲ ಬದಲಾವಣೆ: ಹುಟ್ಟಿದ ಕೂಡಲೇ ಒರೆಸಿ, ತಾಯಿಯ ಬರಿ ಎದೆಗೆ ಹಾಕಿ, ತೂಕವನ್ನು ಒಂದು ತಾಸಿನ ನಂತರ ಮಾಡುವುದು. ಊಹೆ: 60 ನಿಮಿಷ ಎದೆಯ ಮೇಲೆ ಇರುತ್ತದೆ. ಹೀಗೆ ಮಾಡಿದಾಗ ಸಾಮಾನ್ಯವಾಗಿ ಎದುರಾಗುವುದೇನೆಂದರೆ, ಹೊಲಿಗೆ ಹಾಕುವಾಗ ತಾಯಿ ನೋವಿಗೆ ಮೈ ಸರಿಸುತ್ತಾಳೆ, ಕೂಸು ಜಾರೀತು ಎಂದು ಭಯವಾಗಿ ಇಪ್ಪತ್ತನೇ ನಿಮಿಷಕ್ಕೆ ಎತ್ತಿಬಿಡುತ್ತಾರೆ. ಹಾಗಾದರೆ ಎರಡನೇ ಸುತ್ತಿನಲ್ಲಿ ತಾಯಿಯ ಜತೆಗಿರುವ ಹೆಣ್ಣುಮಗಳನ್ನು ತಲೆಯ ಕಡೆ ನಿಲ್ಲಿಸಿ, ಕೂಸಿನ ಬೆನ್ನ ಮೇಲೆ ಕೈ ಇಡಲು ಹೇಳಿ, ಮಂಚದ ತಲೆಭಾಗ ಸ್ವಲ್ಪ ಎತ್ತರಿಸಿ. ಮೂರನೇ ಸುತ್ತಿನಲ್ಲಿ ಇದನ್ನೇ ರಾತ್ರಿ ಪಾಳಿಯಲ್ಲಿ, ಮೂರು ಕೂಸುಗಳಿಗೆ. ಕೂಸಿನ ಮುಖ ಒಂದು ಪಕ್ಕಕ್ಕೆ ತಿರುಗಿರಬೇಕು, ಮೂಗು ಬಾಯಿ ಕಾಣುತ್ತಿರಬೇಕು, 15 ನಿಮಿಷಕ್ಕೊಮ್ಮೆ ಸಿಸ್ಟರ್ ಉಸಿರು, ಬಣ್ಣ ನೋಡಬೇಕು. ಈ ಎಚ್ಚರ ಇಲ್ಲದೆ ಎದೆಗೆ ಹಾಕುವ ಪದ್ಧತಿಯನ್ನು ತರಬಾರದು.

ಆಕ್ಷೇಪಗಳು ಬರುತ್ತವೆ, ಅವಕ್ಕೆ ಉತ್ತರ ಸಿದ್ಧವಿರಲಿ. ತೂಕವಿಲ್ಲದೆ ವಿಟಮಿನ್ ಕೆ ಹೇಗೆ ಕೊಡುವುದು ಎಂದು ಕೇಳುತ್ತಾರೆ. 1000 ಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲ ಕೂಸಿಗೂ 1 ಮಿಲಿಗ್ರಾಂ, ಅದನ್ನು ಮೊದಲ ತಾಸು ಕಳೆದು ತೂಕ ಮಾಡಿದಾಗಲೇ ಕೊಡಬಹುದು. ಗುರುತಿನ ಪಟ್ಟಿ? ತಾಯಿಯಿಂದ ಬೇರೆ ಮಾಡುವ ಮೊದಲು ಎದೆಯ ಮೇಲೇ ಕಟ್ಟಿ. ಹೊಕ್ಕಳಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕತ್ತರಿಸುವುದಕ್ಕೂ, ತಾಯಿಗೆ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ ಕೊಡುವುದಕ್ಕೂ ಇದರಿಂದ ಅಡ್ಡಿಯಿಲ್ಲ. ಉಸಿರಾಡದ ಕೂಸಿನ ಮಾತು ಬೇರೆ, ಅದು ಕೂಡಲೇ ವಾರ್ಮರ್‌ಗೆ ಹೋಗಬೇಕು.

ಎರಡನೇ ಬದಲಾವಣೆ ಬಟ್ಟೆಯದ್ದು. ಪ್ರತಿ ಹೆರಿಗೆಗೆ ಎರಡು ಒಣಗಿದ, ಬೆಚ್ಚಗಿನ ಬಟ್ಟೆ ಬೇಕು: ಒಂದು ಒರೆಸಲು, ಒಂದು ಹೊದಿಸಲು. ಒರೆಸಿದ ಒದ್ದೆ ಬಟ್ಟೆಯಲ್ಲೇ ಸುತ್ತುವುದು ಅತಿ ಸಾಮಾನ್ಯ ತಪ್ಪು, ಯಾಕೆಂದರೆ ಎರಡನೆಯದು ಕೈಗೆ ಸಿಗುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಳೆ ಕಾಟನ್ ಸೀರೆಯ ಮೆತ್ತನೆ ತುಂಡು, ಕುಲಾವಿ, ಕುಂಚಿಗೆ ಇದ್ದೇ ಇರುತ್ತವೆ, ಆದರೆ ಹೆರಿಗೆಗೆ ಓಡಿ ಬರುವಾಗ ಮನೆಯಲ್ಲೇ ಉಳಿಯುತ್ತವೆ. ಒಂಬತ್ತನೇ ತಿಂಗಳ ತಪಾಸಣೆಯಲ್ಲಿ ತಾಯಿ ಕಾರ್ಡ್ ಮೇಲೆಯೇ "ತೊಳೆದು ಬಿಸಿಲಿಗೆ ಒಣಗಿಸಿದ ಎರಡು ಬಟ್ಟೆ, ಒಂದು ಕುಲಾವಿ" ಎಂದು ಬರೆದುಕೊಡಿ, ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಚೀಲದಲ್ಲಿ ಕಟ್ಟಿಡಿಸಲಿ. ಇದರ ಫಲ ಸಿಗಲು ಒಂದು ತಿಂಗಳಾದರೂ ಬೇಕು. ಅಷ್ಟರವರೆಗೆ ಕೋಣೆಯಲ್ಲಿ ಹತ್ತು ಜೊತೆ ಬಟ್ಟೆ ಇಟ್ಟು, ತಾಯಿಯನ್ನು ಮಂಚಕ್ಕೆ ಕರೆತಂದಾಗಲೇ ಒಂದು ಜೊತೆಯನ್ನು ವಾರ್ಮರ್ ಕೆಳಗೆ ಇಡುವ ಕೆಲಸ ಆಯಾ ಅವರದ್ದಾಗಲಿ.

ಮೂರನೆಯದು ಕೋಣೆ. 25ರಿಂದ 28 ಡಿಗ್ರಿ ಇರಬೇಕು. ಗೋಡೆಗೆ ಒಂದು ಥರ್ಮಾಮೀಟರ್ ಹಾಕದೆ ಈ ಮಾತಿಗೆ ಅರ್ಥವಿಲ್ಲ. ಕಷ್ಟ ಬರುವುದು ಬೇಸಿಗೆಯಲ್ಲಿ. ಗದಗಿನ ಏಪ್ರಿಲ್ ಸೆಕೆಯಲ್ಲಿ ಏಪ್ರನ್ ತೊಟ್ಟ ಸಿಸ್ಟರ್‌ಗೆ, ನೋವು ತಿನ್ನುವ ತಾಯಿಗೆ ಫ್ಯಾನ್ ಬೇಡ ಎಂದರೆ ಅದು ಕ್ರೂರ, ಯಾರೂ ಪಾಲಿಸುವುದೂ ಇಲ್ಲ. ಮಗುವಿನ ತಲೆ ಕಾಣುವಾಗ ಫ್ಯಾನ್ ಆರಿಸಿ, ಒರೆಸಿ ಹೊದಿಸಿದ ಮೇಲೆ ಹಚ್ಚುವುದು, ಅದೂ ನೇರವಾಗಿ ಮಂಚಕ್ಕೆ ಬೀಸದ ಫ್ಯಾನ್, ಈ ಒಪ್ಪಂದ ನಡೆಯುತ್ತದೆ. ಸ್ವಿಚ್ಚಿನ ಪಕ್ಕ ಕೆಂಪು ಪಟ್ಟಿ ಅಂಟಿಸಿದರೆ ಯಾವ ಸ್ವಿಚ್ ಎಂಬ ಗೊಂದಲ ಇಲ್ಲ. ವಾರ್ಮರ್ ಅನ್ನು ಹೆರಿಗೆಗೆ 20-30 ನಿಮಿಷ ಮೊದಲು ಹಚ್ಚಬೇಕು. ಕರೆಂಟ್ ಹೋದರೆ ಜನರೇಟರಿನ ಲೈನ್ ವಾರ್ಮರ್ ಇರುವ ಪ್ಲಗ್ಗಿಗೆ ಬರುತ್ತದೆಯೇ ಎಂದು ಒಮ್ಮೆ ನಿಜವಾಗಿ ಮೇನ್ ಆರಿಸಿ ನೋಡಿ, ಹೆರಿಗೆ ಇಲ್ಲದ ಹೊತ್ತಿನಲ್ಲಿ.

ಮನೆಯವರ ಒತ್ತಾಯದಿಂದ ಕೂಸಿಗೆ ಅಂದೇ ಸ್ನಾನ ಮಾಡಿಸುವ ರೂಢಿ ಇದ್ದರೆ 24 ತಾಸು ಮುಂದೂಡಲು ಅಜ್ಜಿಯ ಜತೆಗೇ ಮಾತಾಡಿ. ಸೊಸೆಗೆ ಹೇಳಿ ಪ್ರಯೋಜನವಿಲ್ಲ. "ಅಜ್ಜೀ, ನೀರು ನಾಳೆ ಹಾಕೋಣ್ರೀ, ಇವತ್ತು ಕೂಸು ಅವ್ವನ ಎದಿಮ್ಯಾಲೆ ಬೆಚ್ಚಗ ಮಲಗಲಿ" ಎಂದರೆ ಒಪ್ಪುವವರೇ ಹೆಚ್ಚು.

ತರಬೇತಿ ಕೊಟ್ಟೆವು, ಪೋಸ್ಟರ್ ಹಚ್ಚಿದೆವು, ಜಾಗೃತೆಯಿಂದ ಇರಲು ಹೇಳಿದೆವು ಎಂಬ ಬದಲಾವಣೆಗಳು ದುರ್ಬಲ. ಮನುಷ್ಯನ ನೆನಪಿನ ಮೇಲೆ ನಿಂತವು. ತೂಕದ ಯಂತ್ರವನ್ನು ಹೆರಿಗೆ ಕೋಣೆಗೆ ತಂದು ಅದರ ತಟ್ಟೆಯ ಮೇಲೆ ಬೆಚ್ಚನೆ ಬಟ್ಟೆ ಹಾಸುವುದು, ಬಟ್ಟೆಯನ್ನು ಹೆರಿಗೆ ಟ್ರೇಯ ಭಾಗ ಮಾಡುವುದು, ಇವು ಗಟ್ಟಿ. ಯಾರಿಗೂ ನೆನಪಿಲ್ಲದಿದ್ದರೂ ಕೆಲಸ ಸರಿಯಾಗುತ್ತದೆ.

ನಕ್ಷೆ ಬರೆದು ಓದುವುದು

ಗ್ರಾಫ್ ಹಾಳೆ ಮತ್ತು ಸ್ಕೆಚ್ ಪೆನ್ ಇದ್ದರಾಯಿತು. ವಾರದ ಲೆಕ್ಕ ಹಿಡಿದರೆ ಒಂದು ವಾರ 12 ಹೆರಿಗೆ, ಇನ್ನೊಂದು ವಾರ 25 ಆಗಿ ಶೇಕಡಾವಾರು ಸುಮ್ಮನೆ ಕುಣಿಯುತ್ತದೆ. ಅದಕ್ಕೆ ಸಾಲಾಗಿ ಹುಟ್ಟಿದ ಹತ್ತು ಹತ್ತು ಕೂಸುಗಳಿಗೆ ಒಂದು ಚುಕ್ಕೆ ಇಡಿ: ಹತ್ತರಲ್ಲಿ ಎಷ್ಟು ಬೆಚ್ಚಗಿದ್ದವು? ತಿಂಗಳಿಗೆ 80 ಹೆರಿಗೆಯಾದರೆ ಎಂಟು ಚುಕ್ಕೆ ಸಿಗುತ್ತವೆ.

ಮೊದಲ ತಿಂಗಳ ಎಂಟು ಚುಕ್ಕೆ 4, 5, 3, 4, 6, 5, 4, 3 ಎಂದಿರಲಿ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ 3, 3, 4, 4, 4, 5, 5, 6. ನಡುವಿನ ಎರಡು ಅಂಕಿ 4 ಮತ್ತು 4, ಹಾಗಾಗಿ ಮಧ್ಯಾಂಕ 4. ಅಲ್ಲಿ ಅಡ್ಡಗೆರೆ ಎಳೆದು, ಅದನ್ನೇ ಮುಂದಕ್ಕೂ ಚಾಚಿ. ಬದಲಾವಣೆ ಶುರುವಾದ ಮೇಲೆ 5, 6, 4, 7, 6, 7, 8 ಬಂದವು ಎನ್ನಿ. ನಿಯಮ ಇಷ್ಟು: ಮಧ್ಯಾಂಕದ ಒಂದೇ ಬದಿಗೆ ಸತತ ಆರು ಅಥವಾ ಹೆಚ್ಚು ಚುಕ್ಕೆ ಬಿದ್ದರೆ ನಿಜವಾದ ಪಲ್ಲಟ. ಗೆರೆಯ ಮೇಲೇ ಬಿದ್ದ ಚುಕ್ಕೆಯನ್ನು ಎಣಿಸುವುದಿಲ್ಲ, ಅದರಿಂದ ಸರಣಿ ಕಡಿಯುವುದೂ ಇಲ್ಲ. ನಡುವಿನ 4 ಬಿಟ್ಟರೆ 5, 6, 7, 6, 7, 8 ಆರೂ ಮೇಲಿವೆ. ಸುಧಾರಣೆ ನಿಜ. ಸತತ ಐದು ಅಥವಾ ಹೆಚ್ಚು ಚುಕ್ಕೆ ಏರುತ್ತಲೇ ಅಥವಾ ಇಳಿಯುತ್ತಲೇ ಹೋದರೆ ಅದೂ ಸೂಚನೆ. ಇಂಥ ನಿಯಮ ಹಚ್ಚಲು ಒಟ್ಟು ಹತ್ತು ಚುಕ್ಕೆಯಾದರೂ ಬೇಕು.

ಮೊದಲ ಚುಕ್ಕೆ 5 ಬಂದಾಗ ಸಂಭ್ರಮಿಸಬೇಡಿ, ಮೂರನೆಯದು 4 ಬಂದಾಗ ಆ ವಾರದ ಸಿಸ್ಟರನ್ನು ಕರೆದು ವಿಚಾರಿಸಬೇಡಿ. ಹಿಂದಿನ ತಿಂಗಳ ಸರಾಸರಿ, ಈ ತಿಂಗಳ ಸರಾಸರಿ ಎಂದು ಎರಡೇ ಅಂಕಿ ಹೋಲಿಸುವ ರೂಢಿಯಿಂದ ಈ ತಪ್ಪು ಹುಟ್ಟುತ್ತದೆ. ಏನು ಯಾವಾಗ ಬದಲಾಯಿತು ಎಂದು ಚುಕ್ಕೆಗಳ ಮೇಲೆ ಬಾಣ ಹಾಕಿ ಬರೆಯಿರಿ: "ತಕ್ಕಡಿ ಒಳಗೆ ತಂದಿದ್ದು", "ಜನರೇಟರ್ ಕೆಟ್ಟಿದ್ದು", "ಮೂವರು ಹೊಸ ಸಿಸ್ಟರ್". ನಕ್ಷೆಯನ್ನು ಸಿಬ್ಬಂದಿ ಕಾಣುವಲ್ಲಿ ತೂಗುಹಾಕಿ. ತಾಯಿಯ ಹೆಸರು, ಸಿಬ್ಬಂದಿಯ ಹೆಸರು ಅದರ ಮೇಲೆ ಬೇಡ.

ಉಳಿಸಿಕೊಳ್ಳುವುದು

ಚುಕ್ಕೆಗಳು ಹತ್ತರಲ್ಲಿ ಎಂಟು ಮುಟ್ಟಿ ಅಲ್ಲೇ ನಿಂತ ಮೇಲೆ ಪದ್ಧತಿಯನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದು ಹಾಕಿ. ಬಟ್ಟೆಯನ್ನು ಲಾಂಡ್ರಿಯ ಲೆಕ್ಕಕ್ಕೆ, ಥರ್ಮಾಮೀಟರ್ ಬ್ಯಾಟರಿಯನ್ನು ತಿಂಗಳ ಇಂಡೆಂಟಿಗೆ ಸೇರಿಸಿ. ಪಾಳಿ ಒಪ್ಪಿಸುವಾಗ "ಬಟ್ಟೆ ಎಷ್ಟು ಜೊತೆ, ವಾರ್ಮರ್ ಸರಿಯಿದೆಯೇ" ಎಂಬ ಎರಡು ಪ್ರಶ್ನೆ ಇರಲಿ. ಅಳೆಯುವುದನ್ನು ಪೂರ್ತಿ ನಿಲ್ಲಿಸಬೇಡಿ. ಪ್ರತಿ ಕೂಸಿನ ಉಷ್ಣಾಂಶ ಆರೈಕೆಯ ಭಾಗ, ಅದು ನಡೆಯುತ್ತಲೇ ಇರುತ್ತದೆ. ನಕ್ಷೆಯ ಚುಕ್ಕೆ ಮಾತ್ರ ತಿಂಗಳಿಗೆ ಎರಡು ಸಾಕು.

ಸುಧಾರಣೆ ಕುಸಿಯುವ ಎರಡು ಸಮಯ ಮೊದಲೇ ಗೊತ್ತಿವೆ: ವರ್ಗಾವಣೆಯ ತಿಂಗಳು ಮತ್ತು ಮೊದಲ ಚಳಿ. ಹೊಸದಾಗಿ ಬಂದ ಸಿಸ್ಟರ್‌ಗೆ ಮೊದಲ ಮೂರು ಹೆರಿಗೆಗಳಲ್ಲಿ ಹಳಬರು ಜತೆ ನಿಲ್ಲಲಿ. ನವೆಂಬರ್ ಕೊನೆಗೆ ಕಿಟಕಿಯ ಒಡೆದ ಗಾಜು, ಬಾಗಿಲ ಪರದೆ ನೋಡಿಕೊಳ್ಳಿ.

ದತ್ತಾಂಶವಿದ್ದರೂ ತಂಡವಿಲ್ಲದೆ ಬದಲಾವಣೆ ನಿಲ್ಲುವುದಿಲ್ಲ ಎಂಬುದಕ್ಕೆ ಹೆರಿಗೆ ಕೋಣೆಯ ಇತಿಹಾಸದಲ್ಲೇ ಸಾಕ್ಷಿ ಇದೆ. 1847ರಲ್ಲಿ ವಿಯೆನ್ನಾದಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿದರು. ಅಂಕಿಗಳು ಅವರ ಕೈಯಲ್ಲಿದ್ದವು, ಜತೆಗಿದ್ದ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಮೊದಲ ದಿನದಿಂದ ಎಲ್ಲರನ್ನೂ ಸೇರಿಸಿಕೊಂಡು ಹೋಗಿ ಎಂದು ಒತ್ತಿ ಹೇಳುವುದು ಇದಕ್ಕೇ.

ಎರಡನೇ ಕೆಲಸ

ಒಂದು ಮುಗಿದ ಮೇಲೆ ಎರಡನೆಯದು ಅರ್ಧ ಸಮಯದಲ್ಲಿ ಆಗುತ್ತದೆ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿದ್ದರಿಂದ ಔಷಧ ಕೈಗೆ ಬರುವವರೆಗಿನ ನಿಮಿಷಗಳು, ಕೈಗೆ ಸ್ಯಾನಿಟೈಜರ್ ಉಜ್ಜಿಕೊಳ್ಳುವ 20-30 ಸೆಕೆಂಡು, ಇಂಥ ವಿಷಯಗಳು ಎಷ್ಟೋ ಇವೆ. ಹೆರಿಗೆ ಕೋಣೆಯ ತಂಡಕ್ಕೆ ಸಹಜವಾಗಿ ಒದಗುವುದು ರೆಫರಲ್, ಅಂದರೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಹಾನಗಲ್ಲ, ಶಿರಹಟ್ಟಿ ಕಡೆಯಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾದ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಗದಗಿನ ಜಿಮ್ಸ್‌ಗೋ ಕಳಿಸಿದ ಕೂಸು ದಾರಿಯಲ್ಲೇ ತಣ್ಣಗಾದರೆ ಇಲ್ಲಿ ಮಾಡಿದ್ದೆಲ್ಲ ಅರ್ಧಕ್ಕೆ ನಿಂತಂತೆ. ಆಂಬುಲೆನ್ಸ್ ಬಂದ ಮೇಲೆ ಕೂಸಿನ ಉಷ್ಣಾಂಶ ನೋಡಿ, 36.5 ಮುಟ್ಟಿಸಿ ಹೊರಡಿಸಿ. ತುರ್ತಿದ್ದರೆ ಕಾಯಬೇಡಿ, ದಾರಿಯುದ್ದಕ್ಕೂ ಬೆಚ್ಚಗಾಗಿಸುತ್ತ ಹೋಗಿ. ತಾಯಿ ಜತೆಗೆ ಬರುವಂತಿದ್ದರೆ ಅವಳ ಎದೆಗೆ, ಇಲ್ಲದಿದ್ದರೆ ಅಜ್ಜಿಯ ಅಥವಾ ತಂದೆಯ ಬರಿ ಎದೆಗೆ ಕಟ್ಟಿ, ಮುಖ ಕಾಣುವಂತೆ ಮೇಲೆ ಹೊದಿಸಿ, ಗಾಡಿಯ ಕಿಟಕಿ ಮುಚ್ಚಿಸಿ. ರೆಫರಲ್ ಚೀಟಿಯಲ್ಲಿ ಹೊರಟ ಸಮಯ, ಹೊರಟಾಗಿನ ಉಷ್ಣಾಂಶ, ಕೊನೆಯ ಬಾರಿ ಹಾಲು ಕೊಟ್ಟ ಸಮಯ, ವಿಟಮಿನ್ ಕೆ ಕೊಟ್ಟಿದೆಯೇ ಎಂಬುದನ್ನು ಬರೆಯಿರಿ. ತಲುಪಿದಾಗಿನ ಉಷ್ಣಾಂಶ ಬರೆಯಲು ಒಂದು ಖಾಲಿ ಮನೆ ಬಿಟ್ಟು, ಅಲ್ಲಿನ ನವಜಾತ ಶಿಶು ಘಟಕದ ಸಿಸ್ಟರ್‌ಗೆ ಅದನ್ನು ತುಂಬಿ ಫೋಟೋ ಕಳಿಸಲು ಮೊದಲೇ ಮಾತಾಡಿಕೊಂಡಿರಿ. ಹತ್ತು ರೆಫರಲ್ ಆದಾಗ ನಿಮ್ಮ ಹೊಸ ನಕ್ಷೆಯ ಮೊದಲ ಚುಕ್ಕೆ ಇಡಬಹುದು.